ಇಲಿ ಸಿಡುಬು, ಮಂಗನ ಕಾಯಿಲೆ ಮತ್ತು ವೈರಸ್ ತಿದ್ದುವ ವಿದ್ಯೆ

(ಗ್ರಾಮಸ್ಥರು ಹಾಗೂ ಕಾಲೇಜು ವಿದ್ಯಾರ್ಥಿಗಳ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಾಠ)



ಕುಲಾಂತರಿ ಎಂಬ ಪದ ಮಲೆನಾಡಿನ ಸಭೆಗಳಲ್ಲಿ ಕೇಳಿಬಂದಾಗಲೆಲ್ಲ ಜನರ ಮನಸ್ಸಿಗೆ ಮೊದಲು ಬರುವುದು ಬಿಟಿ ಹತ್ತಿ ಮತ್ತು ಬಿಟಿ ಬದನೆ. ಬದನೆಯ ವಿಷಯದಲ್ಲಿ ಕೇಂದ್ರ ಸರ್ಕಾರ 2010ರ ಫೆಬ್ರವರಿಯಲ್ಲಿ ತಡೆ ಘೋಷಿಸುವ ಮುನ್ನ ಬೆಂಗಳೂರೂ ಸೇರಿದಂತೆ ಹಲವು ನಗರಗಳಲ್ಲಿ ಸಾರ್ವಜನಿಕರ ಅಹವಾಲು ಕೇಳಲಾಗಿತ್ತು. ರೈತರು ಎದ್ದು ನಿಂತು ಮಾತನಾಡಿದ್ದರು. ಬೀಜಕ್ಕೆ ಅನ್ವಯಿಸುವ ಆ ವಿದ್ಯೆಯನ್ನೇ ರೋಗ ತರುವ ವೈರಸ್ಸುಗಳಿಗೂ ಅನ್ವಯಿಸುವ ಕೆಲಸ ಜಗತ್ತಿನ ನೂರಾರು ಪ್ರಯೋಗಾಲಯಗಳಲ್ಲಿ ದಶಕಗಳಿಂದ ನಡೆದಿದೆ. ಅದರ ಬಗ್ಗೆ ಮಾತ್ರ ಹಳ್ಳಿಯವರ ಅಭಿಪ್ರಾಯವನ್ನು ಯಾರೂ ಕೇಳಿದಂತಿಲ್ಲ.

ವಿಚಿತ್ರವೆಂದರೆ ಈ ಸಭೆಯಲ್ಲಿ ಕುಳಿತಿರುವವರಲ್ಲಿ ಹೆಚ್ಚಿನವರ ಮೈಯೊಳಗೆ ಕುಲಾಂತರಿ ವೈರಸ್ಸೊಂದು ಈಗಾಗಲೇ ಹೋಗಿಬಂದಿದೆ. 2021ರಿಂದ ದೇಶದಾದ್ಯಂತ ನೀಡಲಾದ ಕೋವಿಶೀಲ್ಡ್ ಲಸಿಕೆ ಅಂತಹದ್ದು. ಚಿಂಪಾಂಜಿಗಳಲ್ಲಿ ನೆಗಡಿ ತರುವ ಜಾತಿಯ ವೈರಸ್ಸೊಂದನ್ನು ತೆಗೆದುಕೊಂಡು, ಅದು ಸಂತಾನ ಬೆಳೆಸಲು ಅಗತ್ಯವಾದ ವಂಶವಾಹಿಯನ್ನು ಕಿತ್ತುಹಾಕಿ, ಆ ಜಾಗದಲ್ಲಿ ಕೊರೋನಾ ವೈರಸ್ಸಿನ ಮುಳ್ಳಿನ ವಂಶವಾಹಿಯನ್ನು ಕೂರಿಸಲಾಗಿತ್ತು. ಅದು ಮನುಷ್ಯನ ಜೀವಕೋಶವನ್ನು ಹೊಗುತ್ತದೆ, ಮುಳ್ಳನ್ನು ತಯಾರಿಸಿ ತೋರಿಸುತ್ತದೆ, ಆದರೆ ಹೆಚ್ಚಲಾರದೆ ನಶಿಸುತ್ತದೆ. ಇನ್ನು ಕೆಲವರು ಪಡೆದ ಕೋವಾಕ್ಸಿನ್ ಹಳೆಯ ಕ್ರಮದ್ದು. ಅದರಲ್ಲಿ ಇಡೀ ವೈರಸ್ಸನ್ನೇ ಬೆಳೆಸಿ, ಕೊಂದು, ಶುದ್ಧಗೊಳಿಸಿ ಚುಚ್ಚಲಾಗುತ್ತಿತ್ತು. ಭಾರತದಲ್ಲಿ ಹಾಕಿದ ಕೋವಿಡ್ ಲಸಿಕೆಗಳಲ್ಲಿ ಬಹುಪಾಲು ಕೋವಿಶೀಲ್ಡ್. ಬಹಳ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುವ ಅಡ್ಡಪರಿಣಾಮ ಅದರಿಂದ ಉಂಟಾದದ್ದು ದಾಖಲಾಗಿದೆ. ಹಾಗೆಂದು ಅದು ಉಳಿಸಿದ ಜೀವಗಳನ್ನು ಅಲ್ಲಗಳೆಯುವಂತಿಲ್ಲ. ಆದ್ದರಿಂದ ಕುಲಾಂತರಿ ಎಂದೊಡನೆ ಬಾಗಿಲು ಮುಚ್ಚುವುದೂ ಸಲ್ಲದು, ವಿಜ್ಞಾನ ಎಂದೊಡನೆ ಬಾಗಿಲು ತೆರೆದಿಡುವುದೂ ಸಲ್ಲದು. ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ತಿದ್ದುವ ಮೊದಲು ಮಾಡಲಾಗದಿದ್ದ ಯಾವ ಕೆಲಸವನ್ನು ಆ ವೈರಸ್ ತಿದ್ದಿದ ಮೇಲೆ ಮಾಡಬಲ್ಲುದು? ಅದನ್ನು ಇಟ್ಟಿರುವ ಕೋಣೆಯ ಬೇಲಿಯನ್ನು ಕಾಯುವವರು ಯಾರು?

ವೈರಸ್ ಎಂಬುದು ಸ್ವತಂತ್ರವಾಗಿ ಬದುಕಲಾರದ, ಅತಿ ಸೂಕ್ಷ್ಮವಾದ ಒಂದು ಪೊಟ್ಟಣ. ಹೊರಗೆ ಪ್ರೋಟೀನಿನ ಕವಚ, ಒಳಗೆ ತನ್ನನ್ನು ಹೇಗೆ ನಕಲು ಮಾಡಬೇಕೆಂಬ ಬರಹ. ಬರಹ ಎಂದರೆ ನಾಲ್ಕೇ ಅಕ್ಷರಗಳಲ್ಲಿ ಬರೆದ ಉದ್ದನೆಯ ಸಾಲು. ಪೋಲಿಯೋ ವೈರಸ್ಸಿನದು ಸುಮಾರು ಏಳೂವರೆ ಸಾವಿರ ಅಕ್ಷರ, ಮಂಗನ ಕಾಯಿಲೆಯ ವೈರಸ್ಸಿನದು ಹತ್ತು ಸಾವಿರಕ್ಕೂ ತುಸು ಹೆಚ್ಚು, ಸಿಡುಬಿನ ಬಳಗದವುಗಳದು ಎರಡು ಲಕ್ಷದ ಆಸುಪಾಸು. ಈ ಬರಹದಲ್ಲಿ ಒಂದು ಸಾಲು ಅಳಿಸುವುದು, ಮತ್ತೊಂದು ವೈರಸ್ಸಿನ ಸಾಲನ್ನು ತಂದು ಸೇರಿಸುವುದು, ಕೆಲವೊಮ್ಮೆ ಇಡೀ ಬರಹವನ್ನೇ ಯಂತ್ರದಲ್ಲಿ ಹೊಸದಾಗಿ ಜೋಡಿಸುವುದು, ಇವೆಲ್ಲ ಸೇರಿ ವೈರಸ್ ತಿದ್ದುವ ವಿದ್ಯೆ. ಯಾವ ಸಾಲಿನಿಂದ ರೋಗ ಉಲ್ಬಣಿಸುತ್ತದೆ, ಯಾವ ಸಾಲನ್ನು ಅಳಿಸಿದರೆ ವೈರಸ್ ಸಾಧುವಾಗುತ್ತದೆ ಎಂಬುದನ್ನು ಊಹೆಯಿಂದಲ್ಲದೆ ಪ್ರಯೋಗದಿಂದ ತಿಳಿಯಲು ಇದಕ್ಕಿಂತ ಹರಿತವಾದ ಉಪಕರಣ ವಿಜ್ಞಾನದ ಬಳಿ ಇಲ್ಲ.

ಇದರ ಪ್ರಯೋಜನವನ್ನು ಅರಿಯಲು ದೂರ ಹೋಗಬೇಕಾಗಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಕಾಡಿಗೆ ಹೋಗಿಬಂದವರು ತೀವ್ರ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಜ್ಞರು ಸತ್ತ ಮಂಗಗಳಿಂದ ಹೊಸ ವೈರಸ್ಸೊಂದನ್ನು ಬೇರ್ಪಡಿಸಿದರು. ಉಣುಗುಗಳ ಮೂಲಕ ಹರಡುವ ಈ ರೋಗ ಇಂದು ಜಗತ್ತಿನ ಪುಸ್ತಕಗಳಲ್ಲಿ ಕ್ಯಾಸನೂರು ಅರಣ್ಯ ರೋಗವೆಂದೇ ದಾಖಲಾಗಿದೆ. ಒಂದು ಸಣ್ಣ ಕಾಡಿಗೆ ಬಂದ ಕೀರ್ತಿ ಅಷ್ಟೇನೂ ಅಪೇಕ್ಷಣೀಯವಾದದ್ದಲ್ಲ. ಸೋಂಕಿತರಲ್ಲಿ ಶೇ. 3ರಿಂದ 5ರಷ್ಟು ಮಂದಿ ಸಾಯುತ್ತಾರೆ. ನಿರ್ದಿಷ್ಟ ಔಷಧಿಯಿಲ್ಲ. 2012ರ ನಂತರ ರೋಗ ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗಗಳವರೆಗೂ ಕಾಣಿಸಿಕೊಂಡಿತು. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಉಂಟಾದ ಸಾವುಗಳನ್ನು ಈ ಭಾಗದವರು ಮರೆತಿಲ್ಲ. ಕಾಡು ಚೂರುಚೂರಾಗಿ, ತೋಟ, ಗದ್ದೆ, ಕಾಡು ಒಂದರೊಳಗೊಂದು ಹೆಣೆದುಕೊಂಡಿರುವ ಕಡೆಗಳಲ್ಲಿ ರೋಗದ ಸಂಭವ ಹೆಚ್ಚೆಂದು ಇತ್ತೀಚಿನ ಅಧ್ಯಯನಗಳು ತೋರಿಸಿವೆ. ಈ ವೈರಸ್ಸನ್ನು ಯಾರೂ ತಿದ್ದಿಲ್ಲ ಎಂಬುದನ್ನು ನೆನಪಿಡಬೇಕು. ಮನುಷ್ಯ ತಿದ್ದಿದ್ದು ಕಾಡನ್ನು.

ಈ ರೋಗಕ್ಕೆ 1990ರಿಂದ ನೀಡುತ್ತ ಬಂದ ಲಸಿಕೆ ಹಳೆಯ ಕ್ರಮದ್ದೇ ಆಗಿತ್ತು. ಕೋಳಿ ಭ್ರೂಣದ ಜೀವಕೋಶಗಳಲ್ಲಿ ವೈರಸ್ಸನ್ನು ಬೆಳೆಸಿ ಫಾರ್ಮಲಿನ್‌ನಿಂದ ಕೊಂದು ತಯಾರಿಸುತ್ತಿದ್ದರು. 2005ರಿಂದ 2010ರವರೆಗಿನ ಅಂಕಿಅಂಶಗಳನ್ನು ಪರಿಶೀಲಿಸಿದ ಅಧ್ಯಯನವೊಂದು, ಎರಡು ಚುಚ್ಚುಮದ್ದು ಪಡೆದವರಲ್ಲಿ ಅದರ ರಕ್ಷಣೆ ಸುಮಾರು ಶೇ. 62 ಮಾತ್ರ, ಮೂರನೆಯ ವರ್ಧಕವನ್ನೂ ಪಡೆದವರಲ್ಲಿ ಸುಮಾರು ಶೇ. 83 ಎಂದು ಕಂಡುಕೊಂಡಿತು. ಒಂದೇ ಚುಚ್ಚುಮದ್ದಿನಿಂದ ಪ್ರಯೋಜನವೇ ಕಾಣಲಿಲ್ಲ. ಚುಚ್ಚಿದಲ್ಲಿ ತೀವ್ರ ನೋವು, ಮತ್ತೆ ಮತ್ತೆ ಹೋಗಬೇಕಾದ ಬೇಸರ. ಜನ ತಪ್ಪಿಸಿಕೊಂಡರೆ ಅವರನ್ನು ದೂರಿ ಫಲವಿಲ್ಲ. ಲಸಿಕೆಯ ಗುಣಮಟ್ಟ ಕುಸಿದ ಕಾರಣ 2022ರ ಹೊತ್ತಿಗೆ ಅದನ್ನು ನಿಲ್ಲಿಸಲಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹೈದರಾಬಾದಿನ ಇಂಡಿಯನ್ ಇಮ್ಯುನಲಾಜಿಕಲ್ಸ್ ಸಂಸ್ಥೆಯೊಡನೆ ಸೇರಿ ಹೊಸ ಲಸಿಕೆಯೊಂದನ್ನು ರೂಪಿಸುವ ಕಾರ್ಯದಲ್ಲಿ ತೊಡಗಿದೆ. ಅದೂ ಕೊಂದ ವೈರಸ್ಸಿನದೇ.

ಕುಲಾಂತರಿ ದಾರಿ ಇಲ್ಲಿ ಬೇರೆಯದೊಂದು ಸಾಧ್ಯತೆಯನ್ನು ತೋರಿಸುತ್ತದೆ. ಅಮೆರಿಕ ಖಂಡಗಳಲ್ಲಿ ದನ, ಕುದುರೆಗಳ ಬಾಯಲ್ಲಿ ಗುಳ್ಳೆ ಬರಿಸುವ ವೈರಸ್ಸೊಂದಿದೆ. ಅದರ ಹೊರಕವಚದ ವಂಶವಾಹಿಯನ್ನು ತೆಗೆದು, ಎಬೋಲಾ ವೈರಸ್ಸಿನ ಕವಚದ ವಂಶವಾಹಿಯನ್ನು ಹಾಕಿ ಮಾಡಿದ ಲಸಿಕೆ 2015ರಲ್ಲಿ ಗಿನಿ ದೇಶದ ಹಳ್ಳಿಗಳಲ್ಲಿ ಪರೀಕ್ಷೆಗೊಳಗಾಗಿ, 2019ರಲ್ಲಿ ಯುರೋಪ್ ಮತ್ತು ಅಮೆರಿಕಗಳಲ್ಲಿ ಅನುಮತಿ ಪಡೆಯಿತು. ಅದೇ ಚೌಕಟ್ಟಿಗೆ ಮಂಗನ ಕಾಯಿಲೆಯ ವೈರಸ್ಸಿನ ಕವಚವನ್ನು ತೊಡಿಸಿ ಅಮೆರಿಕದ ಮೊಂಟಾನಾ ರಾಜ್ಯದ ಸರ್ಕಾರಿ ಪ್ರಯೋಗಾಲಯವೊಂದು ಲಸಿಕೆಯನ್ನು ಸಿದ್ಧಪಡಿಸಿದೆ. ಒಂದೇ ಚುಚ್ಚುಮದ್ದು ಮಂಗಗಳನ್ನು ರೋಗದಿಂದ ಕಾಪಾಡಿತೆಂಬ ವರದಿ 2023ರಲ್ಲಿ ಪ್ರಕಟವಾಯಿತು. ಮನುಷ್ಯರ ಮೇಲಿನ ಪರೀಕ್ಷೆ ಮುಗಿದು ಅದು ಮಲೆನಾಡಿನ ಆರೋಗ್ಯ ಕೇಂದ್ರಗಳಿಗೆ ಬರುವ ದಾರಿ ಉದ್ದವಿದೆ. ಆದರೂ ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಹಳೆಯ ಕ್ರಮದ ಲಸಿಕೆ ತಯಾರಿಸಲು ಕಾಯಿಲೆ ತರುವ ಜೀವಂತ ವೈರಸ್ಸನ್ನೇ ದೊಡ್ಡ ಪ್ರಮಾಣದಲ್ಲಿ ಬೆಳೆಸಬೇಕು. ಮಂಗನ ಕಾಯಿಲೆಯ ವೈರಸ್ ಪ್ರಯೋಗಾಲಯದ ನೌಕರರಿಗೂ ತಗುಲಿದ ಪ್ರಸಂಗಗಳು ಮೊದಲಿನಿಂದಲೂ ದಾಖಲಾಗಿವೆ. ಕವಚವನ್ನಷ್ಟೇ ಎರವಲು ಪಡೆದ ಕ್ರಮದಲ್ಲಿ ತಯಾರಿಕೆಯ ಹಂತದ ಈ ಅಪಾಯ ಬಹುಮಟ್ಟಿಗೆ ಇಲ್ಲವಾಗುತ್ತದೆ. ಅಂದರೆ ಇಲ್ಲಿ ಕುಲಾಂತರಿ ವಿದ್ಯೆ ಅಪಾಯವನ್ನು ತಗ್ಗಿಸುತ್ತದೆ.

ಹಾಗಿದ್ದೂ ದನ ಕಟ್ಟಿದವರಿಗೆ ಒಂದು ಪ್ರಶ್ನೆ ಏಳಬೇಕು. ದನಗಳ ವೈರಸ್ಸನ್ನು ಆಧರಿಸಿದ ಲಸಿಕೆ ಪಡೆದವನ ರಕ್ತ, ಜೊಲ್ಲುಗಳ ಮೂಲಕ ಅದು ಕೊಟ್ಟಿಗೆಗೆ ಹೋಗುವುದಿಲ್ಲವೆ? ಪ್ರಶ್ನೆ ದಡ್ಡತನದ್ದಲ್ಲ. ಎಬೋಲಾ ಲಸಿಕೆಗೆ ಅನುಮತಿ ನೀಡುವಾಗ ಯುರೋಪಿನ ಔಷಧ ನಿಯಂತ್ರಕರು ಇದನ್ನೇ ಪರಿಶೀಲಿಸಿ, ಲಸಿಕೆ ಪಡೆದವರು ಕನಿಷ್ಠ ಆರು ವಾರ ತಮ್ಮ ರಕ್ತ ಮತ್ತು ದೇಹದ್ರವಗಳು ಜಾನುವಾರುಗಳಿಗೆ ತಾಗದಂತೆ ನೋಡಿಕೊಳ್ಳಬೇಕೆಂಬ ಸೂಚನೆಯನ್ನು ಸೇರಿಸಿದ್ದಾರೆ. ನಗರದ ಆಸ್ಪತ್ರೆಯಲ್ಲಿ ಅದು ಒಂದು ಸಾಲಿನ ಸೂಚನೆ. ಬೆಳಗೂ ಬೈಗೂ ಹಾಲು ಕರೆಯುವ ಹೆಂಗಸಿಗೆ ಅದನ್ನು ಪಾಲಿಸುವುದು ಹೇಗೆಂಬುದನ್ನು ಇಲ್ಲಿಯವರೇ ಕೇಳಬೇಕಾಗುತ್ತದೆ.

ಈಗ ಇನ್ನೊಂದು ಮಗ್ಗುಲಿಗೆ ಬರಬೇಕು. ಅದಕ್ಕೆ ಆಸ್ಟ್ರೇಲಿಯಾದ ಇಲಿಗಳ ಕಥೆಯಷ್ಟು ಒಳ್ಳೆಯ ಉದಾಹರಣೆ ಮತ್ತೊಂದಿಲ್ಲ.

ಆಸ್ಟ್ರೇಲಿಯಾದ ಗೋಧಿ ಬಯಲುಗಳಲ್ಲಿ ಕೆಲವು ವರ್ಷಗಳಿಗೊಮ್ಮೆ ಇಲಿಗಳು ಲಕ್ಷೋಪಲಕ್ಷವಾಗಿ ಹೆಚ್ಚಿ ಬೆಳೆಯನ್ನೆಲ್ಲ ಹಾಳುಗೆಡವುತ್ತವೆ. ವಿಷವಿಟ್ಟರೆ ಹದ್ದು, ಗೂಬೆಗಳೂ ಸಾಯುತ್ತವೆ. ಆ ದೇಶದಲ್ಲಿ 1950ರಲ್ಲಿ ಮೊಲಗಳ ಹಾವಳಿಯನ್ನು ಒಂದು ವೈರಸ್ ಬಿಟ್ಟು ಹತೋಟಿಗೆ ತಂದ ಹಿನ್ನೆಲೆಯೂ ಇತ್ತು. ಕ್ಯಾನ್‌ಬೆರಾದ ವಿಜ್ಞಾನಿಗಳಾದ ರಾನ್ ಜಾಕ್ಸನ್ ಮತ್ತು ಇಯಾನ್ ರಾಮ್‌ಶಾ ಅವರ ತಂಡ ಇಲಿಗಳನ್ನು ಕೊಲ್ಲದೆ, ಅವು ಮರಿಹಾಕದಂತೆ ಮಾಡುವ ಉಪಾಯ ಹುಡುಕಿತು. ಇಲಿಗಳಿಗೆ ಮಾತ್ರ ಬರುವ, ಮನುಷ್ಯರಿಗೆ ತಗುಲದ ಇಲಿ ಸಿಡುಬಿನ ವೈರಸ್ಸಿಗೆ ಇಲಿಯ ಅಂಡಾಣುವಿನ ಹೊರಪದರದ ವಂಶವಾಹಿಯನ್ನು ಸೇರಿಸುವುದು, ಆಗ ಇಲಿಯ ದೇಹ ತನ್ನದೇ ಅಂಡಾಣುವಿನ ವಿರುದ್ಧ ಪ್ರತಿಕಾಯಗಳನ್ನು ಹುಟ್ಟಿಸಿ ಬಂಜೆಯಾಗುವುದು, ಇದು ಯೋಜನೆ. ವಿಷಕ್ಕಿಂತ ಸೌಮ್ಯವಾದ ಈ ದಾರಿಯನ್ನು ಯಾವ ರೈತನಾದರೂ ಮೆಚ್ಚುತ್ತಿದ್ದ.

ಪ್ರತಿಕಾಯಗಳು ಸಾಕಷ್ಟು ಹುಟ್ಟಲೆಂದು ತಂಡವು ಇಂಟರ್‌ಲ್ಯೂಕಿನ್-4 ಎಂಬ ಪ್ರೋಟೀನಿನ ವಂಶವಾಹಿಯನ್ನೂ ವೈರಸ್ಸಿಗೆ ಜೋಡಿಸಿತು. ಅದು ಇಲಿಯ ದೇಹದಲ್ಲಿ ಸಹಜವಾಗಿಯೇ ಇರುವ ವಸ್ತು. ಪ್ರಯೋಗಕ್ಕೆ ಬಳಸಿದ ಇಲಿಗಳೂ ಹುಟ್ಟಿನಿಂದಲೇ ಈ ಸಿಡುಬನ್ನು ತಡೆದುಕೊಳ್ಳುವ ತಳಿಯವು. ಅವು ಸತ್ತವು. ಸೋಂಕಿತ ಜೀವಕೋಶಗಳನ್ನು ಹುಡುಕಿ ಕೊಲ್ಲುವ ದೇಹದ ರಕ್ಷಣಾಪಡೆಯನ್ನೇ ಆ ಹೆಚ್ಚುವರಿ ಪ್ರೋಟೀನು ಮಂಕುಗೊಳಿಸಿತ್ತು. ಮೊದಲೇ ಲಸಿಕೆ ಪಡೆದಿದ್ದ ಇಲಿಗಳಲ್ಲಿಯೂ ಸುಮಾರು ಅರ್ಧದಷ್ಟು ಸತ್ತವು. ಸಾಧುವಾಗಬೇಕಿದ್ದ ವೈರಸ್ ಲಸಿಕೆಯನ್ನೂ ಮೀರುವ ಕೊಲೆಗಡುಕನಾಗಿತ್ತು. ಇಲಿ ಸಿಡುಬಿನ ವೈರಸ್ಸು ಮನುಷ್ಯರ ಸಿಡುಬಿನ ದಾಯಾದಿ. ಇದೇ ಉಪಾಯವನ್ನು ಆ ದಾಯಾದಿಗೆ ಅನ್ವಯಿಸಿದರೆ ಏನಾದೀತು ಎಂಬ ಪ್ರಶ್ನೆ ಅಲ್ಲಿದ್ದವರಿಗೆಲ್ಲ ಹೊಳೆಯಿತು. ಪ್ರಕಟಿಸಬೇಕೆ, ಮುಚ್ಚಿಡಬೇಕೆ ಎಂದು ವಿಜ್ಞಾನಿಗಳು ಬಹಳ ಚರ್ಚಿಸಿ ಕೊನೆಗೆ 2001ರ ಆರಂಭದಲ್ಲಿ ಪ್ರಕಟಿಸಿದರು. ಎಚ್ಚರಿಕೆ ಎಲ್ಲರಿಗೂ ತಲುಪಲಿ ಎಂಬುದು ಅವರ ವಾದ. ಪಾಕವಿಧಾನವೂ ಎಲ್ಲರಿಗೆ ತಲುಪಿತು ಎಂಬುದು ವಿರೋಧಿಗಳ ವಾದ. ಎರಡೂ ನಿಜವೇ.

ಇಲ್ಲಿ ಯಾರ ಉದ್ದೇಶವೂ ಕೆಟ್ಟದಾಗಿರಲಿಲ್ಲ. ಆಯುಧ ಮಾಡುವ ಯೋಚನೆ ಯಾರಿಗೂ ಇರಲಿಲ್ಲ, ಯಾರೂ ನಿಯಮ ಮುರಿಯಲೂ ಇಲ್ಲ. ಉದ್ದೇಶವನ್ನು ನೋಡಿ ಅಪಾಯವನ್ನು ಅಳೆಯಲಾಗದು ಎಂಬುದನ್ನು ಈ ಪ್ರಸಂಗ ತೋರಿಸಿಕೊಟ್ಟಿತು. ಯೋಜನೆಯ ಅರ್ಜಿಯಲ್ಲಿ ಬರೆದ ಗುರಿಯನ್ನಷ್ಟೇ ಓದಿ ಅನುಮತಿ ನೀಡುವ ಸಮಿತಿಗಳು ಇಂದಿಗೂ ಈ ಪಾಠವನ್ನು ಪೂರ್ತಿ ಕಲಿತಂತಿಲ್ಲ.

ಮುಂದಿನ ವರ್ಷವೇ, 2002ರಲ್ಲಿ, ನ್ಯೂಯಾರ್ಕ್ ರಾಜ್ಯದ ಸ್ಟೋನಿಬ್ರೂಕ್ ವಿಶ್ವವಿದ್ಯಾಲಯದ ಎಕಾರ್ಡ್ ವಿಮ್ಮರ್ ಅವರ ತಂಡ ಪೋಲಿಯೋ ವೈರಸ್ಸನ್ನು ಬರಹದಿಂದಲೇ ಸೃಷ್ಟಿಸಿತು. ಅದರ ಅಕ್ಷರಗಳ ಸಾಲು ಎಲ್ಲರಿಗೂ ತೆರೆದಿದ್ದ ದಾಖಲೆಗಳಲ್ಲಿತ್ತು, ತುಣುಕುಗಳನ್ನು ಅಂಚೆಯ ಮೂಲಕ ತರಿಸಲಾಗಿತ್ತು. ಜೋಡಿಸಿದ ವೈರಸ್ ಇಲಿಗಳಲ್ಲಿ ರೋಗ ತಂದಿತು. 2005ರಲ್ಲಿ, ಕೋಟ್ಯಂತರ ಜನರನ್ನು ಕೊಂದ 1918ರ ಇನ್‌ಫ್ಲುಯೆಂಜಾ ವೈರಸ್ಸನ್ನು ಅಮೆರಿಕದ ಸರ್ಕಾರಿ ಪ್ರಯೋಗಾಲಯದಲ್ಲಿ ಮತ್ತೆ ಕಟ್ಟಲಾಯಿತು. ಅಲಾಸ್ಕಾದ ಹೆಪ್ಪುಗಟ್ಟಿದ ನೆಲದಲ್ಲಿ ಹೂಳಲಾಗಿದ್ದ ಶವವೊಂದರ ಶ್ವಾಸಕೋಶದಿಂದಲೂ ಅದರ ಬರಹ ದೊರೆತಿತ್ತು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ ಕುದುರೆ ಸಿಡುಬಿನ ವೈರಸ್ಸನ್ನು, ಎರಡು ಲಕ್ಷಕ್ಕೂ ಹೆಚ್ಚು ಅಕ್ಷರಗಳದನ್ನು, ಕಂಪನಿಯಿಂದ ತರಿಸಿದ ತುಣುಕುಗಳಿಂದ ಜೋಡಿಸಿದ ವಿವರ 2018ರ ಜನವರಿಯಲ್ಲಿ ಪ್ರಕಟವಾಯಿತು. ಖರ್ಚು ಸುಮಾರು ಒಂದು ಲಕ್ಷ ಡಾಲರ್. ಹೊಸ ಲಸಿಕೆಗೆ ನೆರವಾಗಲೆಂದೇ ಮಾಡಿದ ಕೆಲಸವದು. ಆದರೆ ಸಿಡುಬು ನಿರ್ಮೂಲವಾಯಿತೆಂದು 1980ರಲ್ಲಿ ಘೋಷಿಸಿ, ಉಳಿದ ವೈರಸ್ಸನ್ನು ಅಮೆರಿಕ ಮತ್ತು ರಷ್ಯಾಗಳ ಎರಡೇ ಪ್ರಯೋಗಾಲಯಗಳಲ್ಲಿ ಬೀಗ ಹಾಕಿಟ್ಟದ್ದಕ್ಕೆ ಮೊದಲಿನ ಅರ್ಥ ಉಳಿಯಲಿಲ್ಲ. ಬರಹ ಗೊತ್ತಿದ್ದರೆ ಬೀಗ ಯಾಕೆ ಬೇಕು?

ವಿವಾದ ತೀವ್ರಗೊಂಡದ್ದು 2011ರಲ್ಲಿ. ಎಚ್5ಎನ್1 ಹಕ್ಕಿಜ್ವರ ಮನುಷ್ಯರಿಗೆ ತಗುಲುವುದು ಅಪರೂಪ. ತಗುಲಿದರೆ ಮಾತ್ರ, ವಿಶ್ವ ಆರೋಗ್ಯ ಸಂಸ್ಥೆಗೆ ವರದಿಯಾದ ಪ್ರಕರಣಗಳಲ್ಲಿ, ಸುಮಾರು ಅರ್ಧದಷ್ಟು ಮಂದಿ ಸತ್ತಿದ್ದಾರೆ. ಒಬ್ಬರಿಂದೊಬ್ಬರಿಗೆ ಗಾಳಿಯಲ್ಲಿ ಸುಲಭವಾಗಿ ಹರಡಲಾರದು ಎಂಬುದೊಂದೇ ಸಮಾಧಾನ. ನೆದರ್‌ಲ್ಯಾಂಡ್ಸ್‌ನ ರಾನ್ ಫೌಷಿಯೆ ಮತ್ತು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಯೋಶಿಹಿರೊ ಕವಾವೋಕ ಅವರ ತಂಡಗಳು ಇದು ಎಂದಾದರೂ ಗಾಳಿಯಲ್ಲಿ ಹರಡೀತೆ ಎಂದು ತಿಳಿಯಹೊರಟವು. ಫೆರೆಟ್ ಎಂಬ, ಮುಂಗುಸಿಯನ್ನು ಹೋಲುವ ಪ್ರಾಣಿಗಳಲ್ಲಿ ಕೆಲವೇ ಬದಲಾವಣೆಗಳಿಂದ ಅದು ಗಾಳಿಯ ಮೂಲಕ ಹರಡಿತು. ಹಾಗೆ ಸೋಂಕು ತಗುಲಿದ ಫೆರೆಟ್‌ಗಳು ಸಾಯಲಿಲ್ಲ ಎಂಬುದನ್ನೂ ಹೇಳಬೇಕು. ಪತ್ರಿಕೆಗಳು ಅದನ್ನು ಅಷ್ಟಾಗಿ ಹೇಳಲಿಲ್ಲ. ವಿವರಗಳನ್ನು ಪ್ರಕಟಿಸಬಾರದೆಂದು ಅಮೆರಿಕದ ಸಲಹಾ ಮಂಡಳಿ ಮೊದಲು ಸೂಚಿಸಿ, ನಂತರ ನಿಲುವು ಬದಲಿಸಿತು. ವಿಜ್ಞಾನಿಗಳೇ 2012ರ ಜನವರಿಯಿಂದ ಒಂದು ವರ್ಷ ಇಂತಹ ಪ್ರಯೋಗ ನಿಲ್ಲಿಸಿದರು. 2014ರಲ್ಲಿ ಅಮೆರಿಕ ಸರ್ಕಾರ ಹಣ ತಡೆಹಿಡಿಯಿತು, 2017ರಲ್ಲಿ ಷರತ್ತಿನೊಡನೆ ಬಿಟ್ಟಿತು, 2025ರ ಮೇ ತಿಂಗಳಲ್ಲಿ ಮತ್ತೆ ತಡೆಯುವ ಆದೇಶ ಹೊರಟಿತು. ಸರ್ಕಾರಗಳು ಬದಲಾದಂತೆ ಬೇಲಿ ಹಾಕುವುದು, ಕೀಳುವುದು ನಡೆದರೆ ಅದನ್ನು ನೀತಿ ಎನ್ನುವುದು ಕಷ್ಟ. ಇತ್ತ ಹಕ್ಕಿಜ್ವರ ಪ್ರಯೋಗಾಲಯಕ್ಕೆ ಕಾಯದೆ ತಾನಾಗಿಯೇ ಬದಲಾಗುತ್ತ ಸಾಗಿ, 2024ರಲ್ಲಿ ಅಮೆರಿಕದ ಹಾಲು ಕರೆಯುವ ಹಸುಗಳಲ್ಲಿ ಕಾಣಿಸಿಕೊಂಡಿತು. ಪ್ರಕೃತಿ ಏನು ಮಾಡೀತೆಂಬುದನ್ನು ಮೊದಲೇ ತಿಳಿದಿರಬೇಕೆಂಬ ವಿಜ್ಞಾನಿಗಳ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಆದರೆ ಅದೇ ತಿಳಿವನ್ನು ಹರಡಲಾರದ, ಸಾಧುಗೊಳಿಸಿದ ವೈರಸ್ಸುಗಳಿಂದ ಪಡೆಯಬಹುದಾಗಿದ್ದಲ್ಲಿ ಅಪಾಯದ ದಾರಿ ಹಿಡಿದವರು ಉತ್ತರ ಕೊಡಬೇಕಾಗುತ್ತದೆ.

ಈ ವಿಷಯದ ಚರ್ಚೆಯಲ್ಲಿ ಎರಡು ಮಾತುಗಳು ಒಂದರೊಡನೊಂದು ಬೆರೆತುಹೋಗುವುದುಂಟು. ವೈರಸ್ ಅರಿವಿಲ್ಲದೆ ಹೊರಬೀಳದಂತೆ ಕಾಯುವುದು ಜೈವಿಕ ಸುರಕ್ಷತೆ. ದುರುದ್ದೇಶದಿಂದ ಅದನ್ನು ಕದಿಯದಂತೆ, ಬಳಸದಂತೆ ಕಾಯುವುದು ಜೈವಿಕ ಭದ್ರತೆ. ಜೈವಿಕ ಅಸ್ತ್ರಗಳನ್ನು ನಿಷೇಧಿಸುವ ಒಪ್ಪಂದ 1975ರಲ್ಲಿ ಜಾರಿಗೆ ಬಂದಿತು. ಭಾರತವೂ ಅದರ ಸದಸ್ಯ. ಆದರೆ ಒಪ್ಪಂದ ಪಾಲನೆಯಾಗುತ್ತಿದೆಯೇ ಎಂದು ಹೋಗಿ ನೋಡುವ ತನಿಖಾ ವ್ಯವಸ್ಥೆ ಅದಕ್ಕಿಲ್ಲ. ಭಯೋತ್ಪಾದಕರ ಕಥೆ ಎಲ್ಲರ ಗಮನ ಸೆಳೆಯುತ್ತದೆ. ಹಳ್ಳಿಗರ ದೃಷ್ಟಿಯಿಂದ ನೋಡಿದರೆ ಸೋರುವ ಕೊಳವೆ ಅದಕ್ಕಿಂತ ಹತ್ತಿರದ ಅಪಾಯ.

ಅದು ಬರಿಯ ಮಾತಲ್ಲ. 2007ರ ಆಗಸ್ಟ್ 3ರಂದು ಇಂಗ್ಲೆಂಡಿನ ಸರ್ರೆ ಪ್ರಾಂತ್ಯದ ಒಂದು ದನದ ಹಿಂಡಿನಲ್ಲಿ ಕಾಲುಬಾಯಿ ರೋಗ ಪತ್ತೆಯಾಯಿತು. 2001ರಲ್ಲಿ ಇದೇ ರೋಗದಿಂದಾಗಿ ಅರವತ್ತು ಲಕ್ಷಕ್ಕೂ ಹೆಚ್ಚು ಜಾನುವಾರುಗಳನ್ನು ಕೊಂದಿದ್ದ ದೇಶ ಅದು. ರೋಗಾಣುವನ್ನು ಪರೀಕ್ಷಿಸಿದಾಗ ಅದು 1967ರ ತಳಿ, ಆಗ ಜಾನುವಾರುಗಳಲ್ಲಿ ಹರಡುತ್ತಿದ್ದ ತಳಿಯೇ ಅಲ್ಲ ಎಂದು ತಿಳಿಯಿತು. ಅದು ಇದ್ದದ್ದು ಸಮೀಪದ ಪಿರ್‌ಬ್ರೈಟ್‌ನ ಪ್ರಯೋಗಾಲಯಗಳಲ್ಲಿ. ಒಂದೇ ಆವರಣದಲ್ಲಿ ಜಾನುವಾರು ರೋಗಗಳ ಸಂಶೋಧನಾ ಸಂಸ್ಥೆ ಮತ್ತು ಲಸಿಕೆ ತಯಾರಿಸುವ ಕಂಪನಿ ಎರಡೂ ಇದ್ದವು. ತನಿಖೆ ನಡೆಸಿದವರು ಕಂಡದ್ದು ಬಿರುಕುಬಿಟ್ಟ ಹಳೆಯ ಚರಂಡಿ ಕೊಳವೆಗಳು, ಅವುಗಳೊಳಗೆ ನುಗ್ಗಿದ್ದ ಮರದ ಬೇರುಗಳು. ಆ ಜುಲೈನಲ್ಲಿ ಭಾರೀ ಮಳೆಯಾಗಿತ್ತು. ವೈರಸ್ ಬೆರೆತ ನೀರು ಮಣ್ಣಿಗಿಳಿದು, ಕಟ್ಟಡ ಕೆಲಸದ ವಾಹನಗಳ ಚಕ್ರಗಳಿಗೆ ಅಂಟಿದ ಕೆಸರಿನೊಡನೆ ರಸ್ತೆಗೆ ಬಂದಿರುವ ಸಂಭವವೇ ಹೆಚ್ಚೆಂದು ಅವರು ತೀರ್ಮಾನಿಸಿದರು. ಕೊಳವೆ ದುರಸ್ತಿಯ ಹಣ ಯಾರು ಕೊಡಬೇಕೆಂಬ ಮಾತು ಮೊದಲಿನಿಂದಲೂ ಎಳೆದಾಡುತ್ತಿತ್ತು. ಎಂಟು ಸ್ಥಳಗಳಿಗೆ ರೋಗ ಹರಡಿ ಸಾವಿರಕ್ಕೂ ಹೆಚ್ಚು ಜಾನುವಾರುಗಳನ್ನು ಕೊಲ್ಲಲಾಯಿತು. ಆ ವೈರಸ್ಸನ್ನು ಯಾರೂ ತಿದ್ದಿರಲಿಲ್ಲ. ತಿದ್ದಿದ್ದರೂ ಬೇರು ಹೊಕ್ಕ ಕೊಳವೆ ಅದನ್ನು ಹಾಗೆಯೇ ಹೊರಬಿಡುತ್ತಿತ್ತು. ಕೊಟ್ಟಿಗೆ ಬರಿದಾದ ರೈತನನ್ನು ಮಾತ್ರ ಆ ಕೊಳವೆಯ ಬಗ್ಗೆ ಮೊದಲು ಯಾರೂ ಕೇಳಿರಲಿಲ್ಲ.

ಕೋವಿಡ್ ವೈರಸ್ಸಿನ ಮೂಲವೂ ಇಂತಹದೊಂದು ಸೋರಿಕೆಯೇ, ಅಥವಾ ಮಾರುಕಟ್ಟೆಯ ಪ್ರಾಣಿಗಳಿಂದ ಬಂದದ್ದೇ ಎಂಬ ಪ್ರಶ್ನೆ ಇತ್ಯರ್ಥವಾಗಿಲ್ಲ. ಇತ್ಯರ್ಥಕ್ಕೆ ಬೇಕಾದ ಮಾಹಿತಿಯನ್ನು ಚೀನಾ ಪೂರ್ತಿಯಾಗಿ ಒದಗಿಸಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ 2025ರಲ್ಲಿಯೂ ಹೇಳಿತು. ಗುಟ್ಟು ಇದ್ದಲ್ಲಿ ವದಂತಿ ಬೆಳೆಯುತ್ತದೆ.

ಮಲೆನಾಡಿಗೂ ಇದರ ಅನುಭವ ಹೊಸದಲ್ಲ. ಮಂಗನ ಕಾಯಿಲೆಯ ವೈರಸ್ ರಷ್ಯಾದ ಉಣುಗು ಜ್ವರದ ವೈರಸ್ಸನ್ನು ಹೋಲುತ್ತಿದ್ದ ಕಾರಣ, ವಲಸೆ ಹಕ್ಕಿಗಳು ಅದನ್ನು ಹೊತ್ತು ತಂದವೆ ಎಂಬ ಶಂಕೆ ಮೂಡಿತ್ತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಸಾಲಿಂ ಅಲಿಯವರ ನೇತೃತ್ವದಲ್ಲಿ ನಡೆಸಿದ ಹಕ್ಕಿವಲಸೆಯ ಅಧ್ಯಯನಕ್ಕೆ ಮೊದಲು ವಿಶ್ವ ಆರೋಗ್ಯ ಸಂಸ್ಥೆಯ, ನಂತರ ಅಮೆರಿಕದ ಸೇನೆಯ ಹಣ ಬಂದಿತ್ತು. ಇದು ಹೊರಬಿದ್ದಾಗ ಜೈವಿಕ ಯುದ್ಧದ ಸಂಶಯಗಳೆದ್ದವು. ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ 1975ರಲ್ಲಿ ವಿದೇಶಿ ನೆರವಿನ ಇಂತಹ ಸಂಶೋಧನೆಗಳನ್ನು ಕಟುವಾಗಿ ಪ್ರಶ್ನಿಸಿತು. ಹಕ್ಕಿಗಳ ಕಾಲಿಗೆ ಬಳೆ ತೊಡಿಸಿದ ವಿಜ್ಞಾನಿಗಳ ಪ್ರಾಮಾಣಿಕತೆಯನ್ನು ಸಂಶಯಿಸಬೇಕಾಗಿಲ್ಲ. ಆದರೆ ಹಣ ಯಾರದು, ಮಾದರಿಗಳು ಎಲ್ಲಿಗೆ ಹೋಗುತ್ತವೆ ಎಂಬುದನ್ನು ಮೊದಲೇ ತೆರೆದಿಟ್ಟಿದ್ದರೆ ಒಂದು ಒಳ್ಳೆಯ ಅಧ್ಯಯನಕ್ಕೆ ಅಷ್ಟು ಮಸಿ ಹತ್ತುತ್ತಿರಲಿಲ್ಲ.

ಮಂಗನ ಕಾಯಿಲೆಯ ವೈರಸ್ ಇಂದು ಅತ್ಯಂತ ಅಪಾಯಕಾರಿ ರೋಗಾಣುಗಳ ನಾಲ್ಕನೆಯ ವರ್ಗದಲ್ಲಿದೆ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿ 2012ರಲ್ಲಿ ಸಿದ್ಧವಾದ ನಾಲ್ಕನೆಯ ಹಂತದ ಸುರಕ್ಷತಾ ಪ್ರಯೋಗಾಲಯದಂತಹ ಕಡೆಗಳಲ್ಲಿ ಅದನ್ನು ನಿರ್ವಹಿಸುತ್ತಾರೆ. ವಿದೇಶಗಳಲ್ಲಿಯೂ ಅದು ಇದೆ. ಎಲ್ಲಿದ್ದರೂ ಅದರ ತವರು ಈ ಬೆಟ್ಟಗಳು, ಅದನ್ನು ಒದಗಿಸಿದ್ದು ಇಲ್ಲಿಯ ಜ್ವರಪೀಡಿತರ ರಕ್ತ ಮತ್ತು ಇಲ್ಲಿಯ ಮಂಗಗಳು. ಆ ರಕ್ತದಿಂದ ಕಲಿತ ವಿದ್ಯೆ ಲಸಿಕೆಯಾಗಿ ಹಿಂದಿರುಗಬೇಕೆಂದು ಕೇಳುವ ಹಕ್ಕೂ, ಅದನ್ನು ತಿದ್ದುವ ಪ್ರಯೋಗ ನಡೆಯುವುದಾದರೆ ಏನನ್ನು, ಏಕೆ ತಿದ್ದುತ್ತಾರೆಂದು ಕೇಳುವ ಹಕ್ಕೂ ಈ ಭಾಗದವರಿಗಿದೆ.

ಕೇಳಲು ಕಾನೂನಿನಲ್ಲಿ ಜಾಗವೂ ಇದೆ. 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ 1989ರ ಡಿಸೆಂಬರಿನಲ್ಲಿ ಹೊರಡಿಸಿದ ನಿಯಮಗಳು ಅಪಾಯಕಾರಿ ಸೂಕ್ಷ್ಮಾಣುಗಳು ಹಾಗೂ ಕುಲಾಂತರಿ ಜೀವಿಗಳೆರಡಕ್ಕೂ ಅನ್ವಯಿಸುತ್ತವೆ. ಇಂತಹ ಕೆಲಸ ನಡೆಸುವ ಪ್ರತಿ ಸಂಸ್ಥೆಯಲ್ಲಿ ಜೈವಿಕ ಸುರಕ್ಷತಾ ಸಮಿತಿ ಇರಬೇಕು. ದೆಹಲಿಯಲ್ಲಿ ಜೈವಿಕ ತಂತ್ರಜ್ಞಾನ ಇಲಾಖೆಯ ಮತ್ತು ಪರಿಸರ ಸಚಿವಾಲಯದ ಸಮಿತಿಗಳಿವೆ. ಬಿಟಿ ಬದನೆಯ ಕಾಲದಲ್ಲಿ ಅವುಗಳ ಹೆಸರನ್ನು ಹಲವರು ಕೇಳಿದ್ದಾರೆ. ಹೆಚ್ಚಿನವರು ಕೇಳಿರದದ್ದು ಅದೇ ನಿಯಮಗಳಲ್ಲಿರುವ ಜಿಲ್ಲಾ ಮಟ್ಟದ ಸಮಿತಿಯ ಹೆಸರು. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. ಕಾರ್ಖಾನೆ ನಿರೀಕ್ಷಕರು, ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರತಿನಿಧಿ, ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿ, ಕೃಷಿ ಅಧಿಕಾರಿ ಮೊದಲಾದವರು ಸದಸ್ಯರು. ಜಿಲ್ಲೆಯೊಳಗೆ ಇಂತಹ ರೋಗಾಣುಗಳನ್ನು ಬಳಸುವ ಸ್ಥಳಗಳನ್ನು ಪರಿಶೀಲಿಸುವುದು ಮತ್ತು ಅನಾಹುತವಾದರೆ ಆವರಣದ ಹೊರಗಿನ ಜನರಿಗಾಗಿ ತುರ್ತು ಯೋಜನೆ ಸಿದ್ಧಪಡಿಸುವುದು ಅದರ ಹೊಣೆ. ಊರಿನ ಪ್ರತಿನಿಧಿಯೊಬ್ಬರಿಗೆ ಮಾತ್ರ ಆ ಸಮಿತಿಯಲ್ಲಿ ಸ್ಥಾನವಿಲ್ಲ. ಅದು ನಿಯಮದಲ್ಲಿಯೇ ಇರುವ ಕೊರತೆ, ತಿದ್ದಬೇಕಾದದ್ದು.

ಪ್ರಯೋಗದ ಎಲ್ಲ ವಿವರಗಳನ್ನೂ ಬಹಿರಂಗಪಡಿಸಿ ಎಂದು ಕೇಳುವುದು ವಿವೇಕವಲ್ಲ. ಇಲಿ ಸಿಡುಬಿನ ಪ್ರಸಂಗ ನೋಡಿದ ಮೇಲೆ ಕೆಲವು ಪಾಕವಿಧಾನಗಳು ಕಪಾಟಿನಲ್ಲಿಯೇ ಇರುವುದು ಲೇಸೆಂದು ಒಪ್ಪಬೇಕಾಗುತ್ತದೆ. ಆದರೆ ಚರಂಡಿಯ ಕೊಳವೆ ಸರಿಯಾಗಿದೆಯೇ ಎಂಬುದರಲ್ಲಿ ಯಾವ ರಕ್ಷಣಾ ರಹಸ್ಯವೂ ಇಲ್ಲ. ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕದ ಅರ್ಜಿಯೊಂದನ್ನು ಜಿಲ್ಲಾಧಿಕಾರಿ ಕಚೇರಿಗೆ ಕೊಟ್ಟರೆ ಮೂವತ್ತು ದಿನಗಳೊಳಗೆ ಉತ್ತರ ಬರಬೇಕು. ಜಿಲ್ಲಾ ಸಮಿತಿ ರಚನೆಯಾಗಿದೆಯೇ, ಕೊನೆಯ ಬಾರಿ ಸಭೆ ಸೇರಿದ್ದು ಯಾವಾಗ, ಜಿಲ್ಲೆಯಲ್ಲಿ ಯಾವ ಪ್ರಯೋಗಾಲಯಗಳು ಅದರ ಪಟ್ಟಿಯಲ್ಲಿವೆ, ತುರ್ತು ಯೋಜನೆಯ ಪ್ರತಿ ಎಲ್ಲಿ ನೋಡಲು ಸಿಗುತ್ತದೆ, ಈ ನಾಲ್ಕು ಪ್ರಶ್ನೆಗಳಿಗೆ ಒಂದು ಹಾಳೆ ಸಾಕು. ಅರ್ಜಿ ಬರೆಯುವ ಕೆಲಸವನ್ನು ವಿದ್ಯಾರ್ಥಿಗಳು ವಹಿಸಿಕೊಂಡು, ಬಂದ ಉತ್ತರವನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬಹುದು. ಉಣುಗು ಏಳುವ ಚಳಿಗಾಲದ ಮೊದಲು ಅದು ಮುಗಿದರೆ ಅನುಕೂಲ. ಆ ಬಳಿಕ ಜಿಲ್ಲೆಯ ಅಧಿಕಾರಿಗಳಿಗೂ ಮನೆಮಂದಿಗೂ ಬೇರೆ ಗಡಿಬಿಡಿ ಶುರುವಾಗುತ್ತದೆ.